ಕರೆಂಟ್ ಕೆಲಸ ಕಲಿಯಲು ಯಾವ ದಾರಿ? ಹಾಸನ, ಚಿಕ್ಕಮಗಳೂರಿನವರಿಗೆ ಒಂದು ಹೋಲಿಕೆ

ಎಸ್‌ಎಸ್‌ಎಲ್‌ಸಿ ಆಯಿತು, ಇನ್ನು ಎಲೆಕ್ಟ್ರಿಕ್ ಕೆಲಸ ಕಲಿಯುತ್ತೇನೆ ಅನ್ನುವ ಹುಡುಗರಿಗೆ ನಮ್ಮ ಕಡೆ ದಾರಿಗಳಿಗೇನೂ ಬರ ಇಲ್ಲ. ಊರಿನ ವೈರಿಂಗ್ ಕಂಟ್ರಾಕ್ಟರ್ ಹತ್ತಿರ ನಾಳೆಯೇ ಹೆಲ್ಪರ್ ಆಗಿ ಸೇರಬಹುದು. ಐಟಿಐಗೆ ಹೋಗಬಹುದು. ಫ್ಯಾಕ್ಟರಿಯಲ್ಲಿ ಅಪ್ರೆಂಟಿಸ್ ಆಗಬಹುದು. ಕೇಬಲ್‌ನವರ ಜೊತೆ ಫೈಬರ್ ಎಳೆಯಲು ಹೋಗಬಹುದು. ಲೈನ್‌ಮನ್ ಹುದ್ದೆ ಕರೆಯುವವರೆಗೆ ಕಾಯಬಹುದು. ಎಲ್ಲಿ ಹೋದರೂ ಮೊದಲ ದಿನ ಕೈಗೆ ಬರುವುದು ಟೆಸ್ಟರ್ ಮತ್ತು ಕಟಿಂಗ್ ಪ್ಲೇಯರ್. ಆದರೆ ಐದು ವರ್ಷ ಬಿಟ್ಟು ನೋಡಿದರೆ ಒಬ್ಬೊಬ್ಬರು ಒಂದೊಂದು ಕಡೆ ನಿಂತಿರುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೊದಲ ತಿಂಗಳ ಸಂಬಳ ನೋಡಿ ದಾರಿ ಆರಿಸಬೇಡಿ. ಮೂರನೇ ವರ್ಷದ ಕೊನೆಗೆ ನಿಮ್ಮ ಹೆಸರಿನಲ್ಲಿ ಯಾವ ಕಾಗದ ಇರುತ್ತದೆ, ಯಾವ ಕೆಲಸವನ್ನು ಒಬ್ಬರೇ ನಿಂತು ಮುಗಿಸಲು ಬರುತ್ತದೆ, ಇವೆರಡನ್ನು ಕೇಳಿ. ಹಾಸನ, ಚಿಕ್ಕಮಗಳೂರಿನಲ್ಲಿ ಒಳ್ಳೆಯ ಕೆಲಸಗಾರರಿಗೆ ಕೊರತೆ ಇಲ್ಲ. ಕೆಲಸ ಚೆನ್ನಾಗಿ ಗೊತ್ತಿದ್ದೂ ಕಾಗದ ಇಲ್ಲದೆ ಬೇರೆಯವರ ಲೈಸೆನ್ಸ್ ಕೆಳಗೆ ದುಡಿಯುವವರೇ ಜಾಸ್ತಿ.

ಹೆಲ್ಪರ್ ಆಗಿ ಸೇರುವುದಾ, ಐಟಿಐಗೆ ಹೋಗುವುದಾ?

ಮನೆಯಲ್ಲಿ ಜಗಳ ಆಗುವುದು ಇಲ್ಲೇ. ಅಪ್ಪನಿಗೆ ಈಗಲೇ ಸಂಪಾದನೆ ಶುರುವಾಗಲಿ ಅಂತ ಇರುತ್ತದೆ, ಅಮ್ಮನಿಗೆ ಇನ್ನೆರಡು ವರ್ಷ ಓದಲಿ ಅಂತ. ಇಬ್ಬರ ಮಾತಲ್ಲೂ ಹುರುಳಿದೆ.

ಕಂಟ್ರಾಕ್ಟರ್ ಹತ್ತಿರ ಸೇರಿದವನು ಮೊದಲ ಕೆಲವು ತಿಂಗಳು ಗೋಡೆ ಕೊರೆಯುತ್ತಾನೆ, ಮೋಲ್ಡ್ ಹಾಕುವ ಮುಂಚೆ ಪೈಪ್ ಹಾಸುತ್ತಾನೆ, ಏಣಿ ಹಿಡಿಯುತ್ತಾನೆ, ಟೀ ತರುತ್ತಾನೆ. ಆಮೇಲೆ ವೈರ್ ಎಳೆಯಲು ಬಿಡುತ್ತಾರೆ, ಆಮೇಲೆ ಸ್ವಿಚ್ ಬೋರ್ಡ್ ಕಟ್ಟಲು. ಡಿಬಿ, ಅಂದರೆ ಇಡೀ ಮನೆಗೆ ಕರೆಂಟ್ ಹಂಚುವ ಬೋರ್ಡ್, ಮುಟ್ಟಲು ವರ್ಷ ಹಿಡಿಯಬಹುದು. ಇದರಲ್ಲಿ ಕೈ ಪಳಗುತ್ತದೆ, ಅನುಮಾನವೇ ಬೇಡ. ಎರಡು ವರ್ಷ ಐಟಿಐ ಬೆಂಚಿನ ಮೇಲೆ ಕೂತವನಿಗಿಂತ ಇವನು ಬೇಗ ಪಾಯಿಂಟ್ (ಲೈಟು, ಫ್ಯಾನು, ಪ್ಲಗ್‌ನ ಜಾಗ) ಹಾಕುತ್ತಾನೆ. ಪಾಯಿಂಟ್ ಲೆಕ್ಕದಲ್ಲಿ ಕೆಲಸ ಹಿಡಿಯುವ ಕಂಟ್ರಾಕ್ಟರ್‌ಗೆ ಬೇಕಾಗಿರುವುದೂ ಆ ವೇಗವೇ.

ತೊಂದರೆ ಇರುವುದು ಬೇರೆ ಕಡೆ. ಹೇಗೆ ಮಾಡಬೇಕು ಅಂತ ತೋರಿಸುತ್ತಾರೆ, ಯಾಕೆ ಅಂತ ಹೇಳುವವರು ಕಮ್ಮಿ. ಒಂದು ಉದಾಹರಣೆ ನೋಡಿ. ಹಳೆಯ ಮನೆಗೆ ಹೊಸದಾಗಿ 30 ಮಿಲಿಆಂಪ್ ಆರ್‌ಸಿಸಿಬಿ ಹಾಕುತ್ತಾರೆ, ಅಂದರೆ ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್. ಹಾಕಿದ ಕೂಡಲೇ ಟ್ರಿಪ್ ಆಗುತ್ತದೆ, ಎತ್ತಿದರೆ ಮತ್ತೆ ಬೀಳುತ್ತದೆ. ಎಷ್ಟೋ ಕಡೆ ಕಾರಣ ಸರಳ. ಅಡುಗೆಮನೆ ಸರ್ಕ್ಯೂಟಿನ ನ್ಯೂಟ್ರಲ್ಲನ್ನು, ಅಂದರೆ ಕರೆಂಟ್ ವಾಪಸ್ ಬರುವ ತಂತಿಯನ್ನು, ಯಾವುದೋ ಜಂಕ್ಷನ್ ಬಾಕ್ಸಿನಲ್ಲಿ ಹಾಲ್‌ನ ನ್ಯೂಟ್ರಲ್‌ಗೆ ಸೇರಿಸಿರುತ್ತಾರೆ. ಫೇಸ್‌ನಲ್ಲಿ ಹೋದ ಕರೆಂಟ್ ಅದೇ ಆರ್‌ಸಿಸಿಬಿಯ ನ್ಯೂಟ್ರಲ್‌ನಲ್ಲಿ ವಾಪಸ್ ಬರುವುದಿಲ್ಲ. ಆರ್‌ಸಿಸಿಬಿ ಅದನ್ನು ಲೀಕೇಜ್ ಅಂದುಕೊಳ್ಳುತ್ತದೆ. ಕಾರಣ ಗೊತ್ತಿದ್ದವನು ಒಂದೊಂದೇ ನ್ಯೂಟ್ರಲ್ ಬಿಚ್ಚಿ ಹುಡುಕುತ್ತಾನೆ. ಗೊತ್ತಿಲ್ಲದವನು "ಈ ಐಟಮ್ಮೇ ಸರಿ ಇಲ್ಲ ಸಾರ್" ಅಂತ ಬೈಪಾಸ್ ಮಾಡಿ ಹೋಗುತ್ತಾನೆ. ಮಲೆನಾಡಿನ ಒದ್ದೆ ಗೋಡೆಗಳ ಮನೆಯಲ್ಲಿ ಹಾಗೆ ಬೈಪಾಸ್ ಮಾಡುವುದು ಅಂದರೆ ಮನೆಯವರ ಜೀವ ಪಣಕ್ಕಿಟ್ಟಂತೆ.

ಗೀಸರ್ ಲೈನೂ ಹಾಗೇ. 3 ಕಿಲೋವ್ಯಾಟ್ ಗೀಸರ್ ಅಂದರೆ 230 ವೋಲ್ಟಿಗೆ ಸುಮಾರು 13 ಆಂಪ್. ಅದಕ್ಕೆ ಲೈಟಿಗೆ ಎಳೆಯುವ ಒಂದು ಸ್ಕ್ವೇರ್ (ಒಂದು ಚದರ ಮಿ.ಮೀ.) ವೈರ್ ಎಳೆದರೆ ಕರೆಂಟ್ ಹರಿಯುತ್ತದೆ, ನೀರೂ ಕಾಯುತ್ತದೆ, ಪೈಪಿನೊಳಗೆ ವೈರೂ ಕಾಯುತ್ತದೆ. ಆ ಲೆಕ್ಕ ಮಾಡಲು ಬರುವವನಿಗೂ ಬರದವನಿಗೂ ಮೊದಲ ದಿನ ವ್ಯತ್ಯಾಸ ಕಾಣುವುದಿಲ್ಲ, ಅಲ್ವಾ? ಬಿಲ್ಡಿಂಗ್ ದೊಡ್ಡದಾದಾಗ ಕಾಣುತ್ತದೆ.

ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಎರಡು ವರ್ಷ. ವಿಜ್ಞಾನ, ಗಣಿತ ಓದಿ ಎಸ್‌ಎಸ್‌ಎಲ್‌ಸಿ ಪಾಸಾಗಿರಬೇಕು. ವೈರ್‌ಮನ್ ಟ್ರೇಡ್ ಕೂಡ ಎರಡು ವರ್ಷವೇ, ಆದರೆ ಎಂಟನೇ ತರಗತಿ ಪಾಸಾದವರಿಗೂ ಸಿಗುತ್ತದೆ. ಎರಡಕ್ಕೂ ಅರ್ಹತೆ ಇದ್ದರೆ ಎಲೆಕ್ಟ್ರಿಷಿಯನ್ ತಗೊಳ್ಳಿ ಅನ್ನುವುದು ನನ್ನ ಸಲಹೆ. ಮೋಟಾರ್, ಟ್ರಾನ್ಸ್‌ಫಾರ್ಮರ್, ಕಂಟ್ರೋಲ್ ಪ್ಯಾನೆಲ್ ಎಲ್ಲ ಅದರಲ್ಲಿ ಜಾಸ್ತಿ ಬರುತ್ತದೆ. ನೌಕರಿಯ ಜಾಹೀರಾತುಗಳಲ್ಲೂ ಆ ಹೆಸರೇ ಹೆಚ್ಚು ಕಾಣುತ್ತದೆ. ಎಸ್‌ಎಸ್‌ಎಲ್‌ಸಿ ಕೈಕೊಟ್ಟಿದ್ದರೆ ವೈರ್‌ಮನ್ ಟ್ರೇಡ್ ಒಳ್ಳೆಯ ಬಾಗಿಲು. ಮನೆಯಲ್ಲಿ ಸುಮ್ನೆ ಕೂರುವುದಕ್ಕಿಂತ ಸಾವಿರ ಪಾಲು ಮೇಲು.

ಸರ್ಕಾರಿ ಐಟಿಐಗಳಲ್ಲಿ ಖರ್ಚು ಕಡಿಮೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿದ್ದಾರೆ. ನಿಮ್ಮ ತಾಲ್ಲೂಕಿನದು ಆ ಪಟ್ಟಿಯಲ್ಲಿದೆಯಾ ಅಂತ ವಿಚಾರಿಸಿ. ಖಾಸಗಿ ಐಟಿಐ ಆದರೆ ಫೀಸು ಕಟ್ಟುವ ಮುಂಚೆ ವರ್ಕ್‌ಶಾಪ್ ಒಳಗೆ ಹೋಗಿ ನೋಡಿ. ಮೋಟಾರ್‌ಗಳ ಮೇಲೆ ಧೂಳು ಕೂತಿದ್ದರೆ, ಬೆಂಚಿನ ಮೇಲೆ ಕತ್ತರಿಸಿದ ವೈರ್ ಚೂರು ಒಂದೂ ಇಲ್ಲದಿದ್ದರೆ, ಅಲ್ಲಿ ಪ್ರಾಕ್ಟಿಕಲ್ ನಡೆಯುತ್ತಿಲ್ಲ ಅಂತ ತಿಳಿದುಕೊಳ್ಳಿ. ಪ್ರಿನ್ಸಿಪಾಲರ ಮಾತಿಗಿಂತ ಕಸದ ಬುಟ್ಟಿ ನಂಬಬಹುದು.

ಐಟಿಐನ ನಿಜವಾದ ಬೆಲೆ ಕ್ಲಾಸಿನಲ್ಲಿ ಇಲ್ಲ, ಆ ಸರ್ಟಿಫಿಕೇಟ್ ತೆರೆಯುವ ಬಾಗಿಲುಗಳಲ್ಲಿದೆ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ಇಸ್ರೋದ ಟೆಕ್ನಿಷಿಯನ್ ಬಿ ಹುದ್ದೆಗೆ ಕೇಳುವುದು ಎಸ್‌ಎಸ್‌ಎಲ್‌ಸಿ ಜೊತೆಗೆ ಐಟಿಐ. ನೈಋತ್ಯ ರೈಲ್ವೆಯವರು ಮೈಸೂರು ವಿಭಾಗ, ಮೈಸೂರಿನ ವರ್ಕ್‌ಶಾಪ್, ಹುಬ್ಬಳ್ಳಿ, ಬೆಂಗಳೂರಿಗೆ ಅಪ್ರೆಂಟಿಸ್‌ಗಳನ್ನು ಕರೆದಾಗ ಎಸ್‌ಎಸ್‌ಎಲ್‌ಸಿ ಮತ್ತು ಐಟಿಐ ಅಂಕ ನೋಡಿಯೇ ಪಟ್ಟಿ ಮಾಡುತ್ತಾರೆ. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್ 1, ಅಂದರೆ ಅತಿ ಕೆಳಗಿನ ದರ್ಜೆಯ ನೇಮಕಾತಿಯಲ್ಲಿ ಶೇ 20 ಮೀಸಲು ಇದೆ. ಪರೀಕ್ಷೆ ಬರೆಯಲೇಬೇಕು, ಆದರೆ ಸಾಲು ಚಿಕ್ಕದಾಗುತ್ತದೆ. ಹೆಲ್ಪರ್ ಆಗಿ ಹತ್ತು ವರ್ಷ ದುಡಿದವನು ಎಷ್ಟೇ ಜಾಣನಿರಲಿ, ಈ ಅರ್ಜಿಗಳನ್ನು ಹಾಕುವ ಹಾಗೇ ಇಲ್ಲ.

ಹಾಗಂತ ಹೆಲ್ಪರ್ ದಾರಿ ತಪ್ಪು ಅಂತಲ್ಲ. ಮನೆ ನಡೆಯುವುದೇ ನಿಮ್ಮ ದುಡಿಮೆಯಿಂದ ಅನ್ನುವ ಪರಿಸ್ಥಿತಿ ಇದ್ದರೆ ಅದೇ ಸರಿ. ಒಂದೇ ಷರತ್ತು. ಲೈಸೆನ್ಸ್ ಇರುವ ಕಂಟ್ರಾಕ್ಟರ್ ಹತ್ತಿರವೇ ಸೇರಿ. ಕರ್ನಾಟಕದಲ್ಲಿ ವೈರ್‌ಮನ್ ಪರ್ಮಿಟ್, ಸೂಪರ್‌ವೈಸರ್ ಪರ್ಮಿಟ್, ಕಂಟ್ರಾಕ್ಟರ್ ಲೈಸೆನ್ಸ್ ಅಂತ ಮೂರು ಮೆಟ್ಟಿಲು ಇವೆ. ಇವು ವಿದ್ಯುತ್ ಪರಿವೀಕ್ಷಣಾಲಯದ ವ್ಯಾಪ್ತಿಗೆ ಬರುತ್ತವೆ. ಹೊಸ ಮನೆಗೆ ಮೀಟರ್ ಬೇಕು ಅಂದಾಗ ವೈರಿಂಗ್ ಮುಗಿದ ವರದಿಗೆ ಸಹಿ ಹಾಕುವುದು ಲೈಸೆನ್ಸ್ ಇರುವವರು. ಆ ಸಹಿ ನಿಮ್ಮದಾಗುವವರೆಗೆ ನೀವು ಕಟ್ಟಿದ ಮನೆಯ ವೈರಿಂಗ್ ಕಾಗದದಲ್ಲಿ ಬೇರೆಯವರದ್ದು. ಅನುಭವದ ಪತ್ರ ಬೇಕಾದಾಗ ಬರೆದುಕೊಡುತ್ತೀರಾ ಅಂತ ಸೇರುವ ದಿನವೇ ಕೇಳಿ. "ನೋಡೋಣ ಬಿಡೋ" ಅಂದರೆ ಬೇರೆ ಕಡೆ ನೋಡಿ.

ಇನ್ನೊಂದು ಸಣ್ಣ ದಾರಿಯೂ ಇದೆ. ಜಿಲ್ಲೆಗೊಂದರಂತೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಮನೆ ವೈರಿಂಗ್, ಮೋಟಾರ್ ರೀವೈಂಡಿಂಗ್ (ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದು) ಕೋರ್ಸುಗಳು ಸುಮಾರು ಒಂದು ತಿಂಗಳದ್ದು ಇರುತ್ತವೆ. ಊಟ, ವಸತಿ ಸಮೇತ ಉಚಿತ. 18 ತುಂಬಿರಬೇಕು. ಇದು ಐಟಿಐಗೆ ಸಮ ಅಲ್ಲ. ಆದರೆ ಹೆಲ್ಪರ್ ಆಗುವ ಮುಂಚೆ ಇದನ್ನು ಮುಗಿಸಿ ಹೋದರೆ ಟೀ ತರುವ ತಿಂಗಳುಗಳು ಕಡಿಮೆಯಾಗುತ್ತವೆ.

ಫ್ಯಾಕ್ಟರಿ ಅಪ್ರೆಂಟಿಸ್

ಅಪ್ರೆಂಟಿಸ್ ಕಾಯ್ದೆ 1961ರದ್ದು. 30 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ತನ್ನ ಒಟ್ಟು ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಅಂದರೆ ನೀವು ಗೇಟಿನಲ್ಲಿ ನಿಂತು ಕೇಳುತ್ತಿರುವುದು ಭಿಕ್ಷೆ ಅಲ್ಲ. ಇದು ಎಷ್ಟೋ ಹುಡುಗರಿಗೆ ಗೊತ್ತೇ ಇಲ್ಲ.

ಸ್ಟೈಪೆಂಡ್ ಬಗ್ಗೆ ನೇರವಾಗಿ ಹೇಳಬೇಕು. 2019ರ ನಿಯಮದಲ್ಲಿ ಹತ್ತನೇ ತರಗತಿ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 6,000 ರೂಪಾಯಿ, ಐಟಿಐ ಸರ್ಟಿಫಿಕೇಟ್ ಇದ್ದವರಿಗೆ 7,000, ಡಿಪ್ಲೊಮಾದವರಿಗೆ 8,000 ಅಂತ ಇಟ್ಟರು. ಎರಡನೇ ವರ್ಷ ಶೇ 10 ಏರುತ್ತದೆ. ಇದನ್ನು ಶೇ 36ರಷ್ಟು ಹೆಚ್ಚಿಸಬೇಕು ಅಂತ ಕೇಂದ್ರದ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಇವು ಕನಿಷ್ಠ ಮೊತ್ತ, ಕಂಪನಿ ಮನಸ್ಸು ಮಾಡಿದರೆ ಜಾಸ್ತಿ ಕೊಡಬಹುದು. ಅರಕಲಗೂಡಿನಿಂದಲೋ ಮೂಡಿಗೆರೆಯಿಂದಲೋ ಬಂದು ಹಾಸನದಲ್ಲಿ ರೂಮು ಮಾಡಿದರೆ ಈ ದುಡ್ಡಿನಲ್ಲಿ ಬಾಡಿಗೆ, ಊಟ ಹೋಗಿ ಊರಿಗೆ ಕಳಿಸಲು ಏನೂ ಉಳಿಯುವುದಿಲ್ಲ. ದಿನಾ ಬಸ್ಸಿನಲ್ಲಿ ಓಡಾಡುವಷ್ಟು ಹತ್ತಿರ ಇದ್ದರೆ ಲೆಕ್ಕ ಬೇರೆ.

ಕಲಿಕೆ ಏನು ಅಂದರೆ, ಇಲ್ಲಿ ಕರೆಂಟ್ ಇನ್ನೊಂದು ಮುಖ ತೋರಿಸುತ್ತದೆ. ಸ್ಟಾರ್ ಡೆಲ್ಟಾ ಸ್ಟಾರ್ಟರ್, ರಿಲೇ, ಡ್ರೈವ್, ಪಿಎಲ್‌ಸಿ ಪ್ಯಾನೆಲ್, ಅಂದರೆ ದೊಡ್ಡ ಮೋಟಾರು, ಮೆಷಿನ್‌ಗಳನ್ನು ನಡೆಸುವ ಸಾಧನಗಳು. ಮೆಷಿನ್ ನಿಂತರೆ ಡ್ರಾಯಿಂಗ್ ಹರಡಿ, ಕಂಟ್ರೋಲ್ ವೋಲ್ಟೇಜ್ ಎಲ್ಲಿ ತಪ್ಪಿದೆ ಅಂತ ಟರ್ಮಿನಲ್‌ನಿಂದ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿದು ಹೋಗಬೇಕು. ರಿಪೇರಿಗೆ ಮುಂಚೆ ಐಸೋಲೇಟರ್ ಆಫ್ ಮಾಡಿ, ಅದಕ್ಕೆ ನಿಮ್ಮ ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಈ ಅಭ್ಯಾಸ ಮನೆ ವೈರಿಂಗ್‌ನವರಿಗೆ ಬರುವುದೇ ಇಲ್ಲ.

ಹಾಸನದಲ್ಲಿ ಬಿ.ಎಂ. ರಸ್ತೆಯ ಕೈಗಾರಿಕಾ ಪ್ರದೇಶ, ಜವಳಿ ಕಾರ್ಖಾನೆಗಳು, ಹಾಲು ಒಕ್ಕೂಟದ ಡೇರಿಯಂಥ ಜಾಗಗಳಿವೆ. ಚಿಕ್ಕಮಗಳೂರಿನಲ್ಲಿ ಈ ಆಯ್ಕೆ ಕಮ್ಮಿ. ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಮೋಟಾರು, ಕನ್ವೇಯರ್, ಸಾರ್ಟಿಂಗ್ ಮೆಷಿನ್‌ಗಳು ಇವೆ, ಆದರೆ ಕೆಲಸ ಕಾಫಿ ಸೀಸನ್ ಮೇಲೆ ನಿಂತಿದೆ. ಹಾಗಾಗಿ ಚಿಕ್ಕಮಗಳೂರಿನ ಹುಡುಗರು ಈ ದಾರಿ ಹಿಡಿದರೆ ಹಾಸನಕ್ಕೋ ಬೆಂಗಳೂರಿಗೋ ಹೋಗಲು ತಯಾರಿರಬೇಕು.

ಇಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿದೆ. "ನನ್ನನ್ನು ಯಾವ ವಿಭಾಗಕ್ಕೆ ಹಾಕುತ್ತೀರಿ?" ಎಲೆಕ್ಟ್ರಿಷಿಯನ್ ಅಪ್ರೆಂಟಿಸ್ ಅಂತ ಹೆಸರು ಬರೆಸಿಕೊಂಡು, ಪ್ರೊಡಕ್ಷನ್ ಲೈನಿನಲ್ಲಿ ವರ್ಷವಿಡೀ ಪ್ಯಾಕಿಂಗ್ ಮಾಡಿಸುವ ಕಡೆಗಳೂ ಇವೆ. ಮೆಂಟೆನೆನ್ಸ್ ವಿಭಾಗ ಅಂದರೆ ಸರಿ. "ಬಾ, ಆಮೇಲೆ ಹೇಳ್ತೀವಿ" ಅಂದರೆ ಅನುಮಾನ ಪಡಿ. ಇನ್ನೊಂದು ವಿಷಯ, ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಕಾಯ್ದೆಯಲ್ಲಿ ಇಲ್ಲ, ಅದು ಕಂಪನಿಯ ನೀತಿಗೆ ಬಿಟ್ಟಿದ್ದು. ಆದರೆ ತರಬೇತಿ ವೇಳೆ ಗಾಯವಾದರೆ ಪರಿಹಾರ ಕೊಡುವ ಹೊಣೆ ಮಾಲೀಕರದ್ದು, ಇದು ಕಾಯ್ದೆಯಲ್ಲೇ ಇದೆ. ಪಾಯಿಂಟ್ ಲೆಕ್ಕದ ಹೆಲ್ಪರ್‌ಗೆ ಬಿದ್ದು ಕಾಲು ಮುರಿದರೆ ಇದನ್ನು ದಕ್ಕಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ಊರಿನಲ್ಲಿ ಯಾರನ್ನಾದರೂ ಕೇಳಿ ನೋಡಿ.

ಕೇಬಲ್ ಮತ್ತು ಫೈಬರ್

ಹಿಂದೆ ಕೇಬಲ್ ಹುಡುಗ ಅಂದರೆ ತಿಂಗಳ ದುಡ್ಡು ವಸೂಲಿ ಮಾಡಿ, ಚಿತ್ರ ಸರಿ ಬರದಿದ್ದರೆ ಕನೆಕ್ಟರ್ ಬದಲಿಸುವವನು. ಈಗ ಅದೇ ಆಪರೇಟರ್ ಮನೆಮನೆಗೆ ಇಂಟರ್ನೆಟ್ ಕೊಡುತ್ತಾನೆ. ಹೋಂಸ್ಟೇಗಳು ಜಾಸ್ತಿಯಾದ ಮೇಲೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆ ವೈಫೈ, ಸಿಸಿಟಿವಿ ಇಲ್ಲದ ಎಸ್ಟೇಟ್ ಕಾಣುವುದೇ ಅಪರೂಪ. ಮೊಬೈಲ್ ಸಿಗ್ನಲ್ ಸಿಗದ ಜಾಗದಲ್ಲಂತೂ ಫೈಬರೇ ಗತಿ.

ಬೇಗ ಸಂಬಳ ಬರುವ ದಾರಿ ಇದು. ಓದು ಕೇಳುವವರು ಕಡಿಮೆ, ಬೈಕ್ ಮತ್ತು ಡ್ರೈವಿಂಗ್ ಲೈಸೆನ್ಸ್ ಕೇಳುವವರು ಜಾಸ್ತಿ. ಆದರೆ ಇದರೊಳಗೂ ಎರಡು ಜಾತಿ ಕೆಲಸ ಇದೆ. ಒಂದು, ಕಂಬದಿಂದ ಮನೆಗೆ ಬರುವ ಡ್ರಾಪ್ ಕೇಬಲ್ ಎಳೆದು ಮನೆಯಲ್ಲಿ ರೂಟರ್ ಕೂರಿಸುವುದು. ಇನ್ನೊಂದು, ಸ್ಪ್ಲೈಸಿಂಗ್, ಅಂದರೆ ಫೈಬರ್ ತುದಿಗಳನ್ನು ಬೆಸೆಯುವುದು. ಮೊದಲನೆಯದು ತಿಂಗಳಲ್ಲಿ ಬರುತ್ತದೆ, ಅಲ್ಲೇ ನಿಂತರೆ ಸಂಬಳವೂ ಅಲ್ಲೇ ನಿಲ್ಲುತ್ತದೆ. ಎರಡನೆಯದು ಕಲಿತವನನ್ನು ಬೇರೆ ಆಪರೇಟರ್‌ಗಳೂ ಹುಡುಕಿಕೊಂಡು ಬರುತ್ತಾರೆ.

ಸ್ಪ್ಲೈಸಿಂಗ್ ಅಂದರೆ ಹೀಗೆ. ಮಳೆಗಾಲದಲ್ಲಿ ಸಿಲ್ವರ್ ಓಕ್ ಕೊಂಬೆ ಬಿದ್ದು ಕೇಬಲ್ ತುಂಡಾಗಿರುತ್ತದೆ. ಮೊದಲು ಓಟಿಡಿಆರ್ ಅನ್ನುವ, ಬೆಳಕು ಬಿಟ್ಟು ದೂರ ಅಳೆಯುವ ಮೆಷಿನ್ ಹಾಕಿ ಎಷ್ಟು ದೂರದಲ್ಲಿ ತುಂಡಾಗಿದೆ ಅಂತ ನೋಡುತ್ತಾರೆ. ಅಲ್ಲಿಗೆ ಹೋಗಿ ಮೇಲಿನ ಕವಚ ಸುಲಿದರೆ ಒಳಗೆ ಬಣ್ಣಬಣ್ಣದ ಎಳೆಗಳು: ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ, ತಿಳಿನೀಲಿ. ಈ ಕ್ರಮ ಬಾಯಿಪಾಠ ಆಗಬೇಕು. ಎಳೆಯ ಮೇಲಿನ ಬಣ್ಣದ ಪದರ ತೆಗೆದು, ಸ್ಪಿರಿಟ್‌ನಲ್ಲಿ ಒರೆಸಿ, ಕ್ಲೀವರ್‌ನಲ್ಲಿ ತುದಿ ನೇರವಾಗಿ ಕತ್ತರಿಸಬೇಕು. ಗಾಜಿನ ಎಳೆ 125 ಮೈಕ್ರಾನ್ ದಪ್ಪ, ಬೆಳಕು ಓಡುವ ನಡುಭಾಗ ಬರೀ 9 ಮೈಕ್ರಾನ್ ಆಸುಪಾಸು. ಎರಡು ತುದಿಗಳನ್ನು ಮೆಷಿನ್ ಒಳಗೆ ಇಟ್ಟರೆ ಅದು ಕಿಡಿ ಹೊಡೆದು ಬೆಸೆಯುತ್ತದೆ. ಬೆಳಕಿನ ನಷ್ಟ 0.1 ಡೆಸಿಬೆಲ್‌ಗಿಂತ ಕೆಳಗೆ ಬಂದರೆ ಒಳ್ಳೆಯ ಜಾಯಿಂಟ್. ತುದಿ ಓರೆಯಾಗಿದ್ದರೆ, ಧೂಳು ಕೂತಿದ್ದರೆ ಮತ್ತೆ ಕತ್ತರಿಸಬೇಕು. ಜಡಿಮಳೆಯಲ್ಲಿ, ಛತ್ರಿ ಕೆಳಗೆ, ರಸ್ತೆ ಬದಿಯಲ್ಲಿ ಕೂತು ಇದನ್ನು ಮಾಡಬೇಕು ಅನ್ನುವುದೂ ನೆನಪಿರಲಿ.

ಮನೆ ತುದಿಯಲ್ಲಿ ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಮೈನಸ್ 20 ಡಿಬಿಎಂ ಆಸುಪಾಸು ತೋರಿಸಿದರೆ ನೆಮ್ಮದಿ. ಮೈನಸ್ 27ಕ್ಕೆ ಬಂತು ಅಂದರೆ ಇವತ್ತೋ ನಾಳೆಯೋ ಗಿರಾಕಿ ಫೋನ್ ಬರುತ್ತದೆ. ಈ ಅಂಕಿ ಓದಿ ತೊಂದರೆ ಎಲ್ಲಿದೆ ಅಂತ ಹೇಳಬಲ್ಲವನು ಟೆಕ್ನಿಷಿಯನ್. ಓದಲು ಬಾರದವನು ರೂಟರ್ ಆಫ್ ಆನ್ ಮಾಡಿ ಬರುತ್ತಾನೆ. ಸ್ಪ್ಲೈಸಿಂಗ್ ಮೆಷಿನ್ ದುಬಾರಿ, ಹಾಗಾಗಿ ಹೊಸಬರ ಕೈಗೆ ಸುಲಭಕ್ಕೆ ಕೊಡುವುದಿಲ್ಲ. ಎಷ್ಟು ತಿಂಗಳಾದ ಮೇಲೆ ಕಲಿಸುತ್ತೀರಿ ಅಂತ ಸೇರುವಾಗಲೇ ಮಾತಾಡಿಕೊಳ್ಳಿ.

ಫೈಬರಿನಲ್ಲಿ ಕರೆಂಟ್ ಇಲ್ಲ, ಹಾಗಾಗಿ ಅಪಾಯ ಇಲ್ಲ ಅನ್ನುವ ಮಾತು ಸುಳ್ಳು. ಹಲವು ಡ್ರಾಪ್ ಕೇಬಲ್‌ಗಳಲ್ಲಿ ಬಲಕ್ಕೆ ಉಕ್ಕಿನ ತಂತಿ ಇರುತ್ತದೆ. ಅದನ್ನು ಕಟ್ಟುವುದು ವಿದ್ಯುತ್ ಕಂಬಕ್ಕೆ. ಮೇಲಿನ ಲೈನಿಗೆ ತಾಗಿದರೆ ಆ ತಂತಿಯಲ್ಲೂ ಕರೆಂಟ್. ಕಂಬಕ್ಕೆ ಕಟ್ಟಲು ವಿದ್ಯುತ್ ಕಂಪನಿಯ, ಅಂದರೆ ಸೆಸ್ಕ್ ಅಥವಾ ಮೆಸ್ಕಾಂ ಅನುಮತಿ ಇದೆಯಾ ಅನ್ನುವುದನ್ನೂ ಕೇಳಿ. ಇಲ್ಲದಿದ್ದರೆ ಒಂದು ದಿನ ಕತ್ತರಿಸಿ ಹಾಕುತ್ತಾರೆ. ಕತ್ತರಿಸಿದ ಗಾಜಿನ ಚೂರುಗಳು ಕಣ್ಣಿಗೆ ಕಾಣುವುದಿಲ್ಲ, ಚರ್ಮದೊಳಗೆ ಹೋಗುತ್ತವೆ. ಅವನ್ನು ಟೇಪಿಗೆ ಅಂಟಿಸಿ ಡಬ್ಬಿಗೆ ಹಾಕುವ ಅಭ್ಯಾಸ ಮೊದಲ ದಿನದಿಂದಲೇ ಇರಲಿ.

ಭೂಮಿಯೊಳಗಿನ 11 ಕೆವಿ ಕೇಬಲ್ ಜಾಯಿಂಟ್ ಮಾಡುವ ಕೆಲಸ ಇದಕ್ಕಿಂತ ಪೂರ್ತಿ ಬೇರೆ. ಅದನ್ನು ಪಕ್ಕಾ ಕಲಿತವರಿಗೆ ಒಳ್ಳೆಯ ಬೇಡಿಕೆ ಇದೆ, ಆದರೆ ಬೇಡಿಕೆ ಇರುವುದು ಬೆಂಗಳೂರಿನಂಥ ಊರುಗಳಲ್ಲಿ. ನಮ್ಮ ಜಿಲ್ಲೆಗಳಲ್ಲಿ ಲೈನು ಇನ್ನೂ ಹೆಚ್ಚಾಗಿ ತಲೆಯ ಮೇಲೆಯೇ ಇದೆ.

ಲೈನ್‌ಮನ್ ಆಗುವ ಆಸೆ

ಹಾಸನ ಜಿಲ್ಲೆ ಮೈಸೂರಿನ ಸೆಸ್ಕ್ ಕೆಳಗೆ ಬರುತ್ತದೆ, ಚಿಕ್ಕಮಗಳೂರು ಜಿಲ್ಲೆ ಮಂಗಳೂರಿನ ಮೆಸ್ಕಾಂ ಕೆಳಗೆ. ಬೇಲೂರು ಒಂದು ಕಡೆ, ಪಕ್ಕದ ಮೂಡಿಗೆರೆ ಇನ್ನೊಂದು ಕಡೆ. ಲೈನ್‌ಮನ್ ಕೆಲಸದ ಹುದ್ದೆ ಕಿರಿಯ ಪವರ್‌ಮ್ಯಾನ್, ಅದಕ್ಕೆ ಕೇಳುವುದು ಎಸ್‌ಎಸ್‌ಎಲ್‌ಸಿ. 2024ರ ಅಕ್ಟೋಬರ್‌ನಲ್ಲಿ ರಾಜ್ಯದ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್ ಮತ್ತು ಎಸ್ಕಾಂಗಳಿಗೆ (ಸೆಸ್ಕ್, ಮೆಸ್ಕಾಂನಂಥ ಕಂಪನಿಗಳು) ಸೇರಿ ಕಿರಿಯ ಸ್ಟೇಷನ್ ಪರಿಚಾರಕ, ಕಿರಿಯ ಪವರ್‌ಮ್ಯಾನ್ ಅಂತ ಒಟ್ಟು 2,975 ಹುದ್ದೆ ಕರೆದಿದ್ದರು. ಆಯ್ಕೆಗೆ ಎಸ್‌ಎಸ್‌ಎಲ್‌ಸಿ ಅಂಕ, ಜೊತೆಗೆ ದೈಹಿಕ ಪರೀಕ್ಷೆ. 8 ಮೀಟರ್ ಕಂಬ ಹತ್ತುವುದು ಕಡ್ಡಾಯ, ಮೇಲೆ ಓಟ, ಸ್ಕಿಪ್ಪಿಂಗ್, ಗುಂಡು ಎಸೆತ. ಹತ್ತನೇ ತರಗತಿಯ ಅಂಕಕ್ಕೆ ಇಷ್ಟು ಬೆಲೆ ಇದೆ ಅಂತ ಹತ್ತನೇ ತರಗತಿಯಲ್ಲಿ ಯಾರೂ ಹೇಳುವುದಿಲ್ಲ.

ಸರ್ಕಾರಿ ಸಂಬಳ ನಿಜ. ಆದರೆ ಈ ಹುದ್ದೆಗಳನ್ನು ಪ್ರತಿ ವರ್ಷ ಕರೆಯುವುದಿಲ್ಲ. ಇದಕ್ಕಾಗಿಯೇ ಕಾಯುತ್ತಾ ಕೂರುವುದು ಬೇಡ, ಬೇರೆ ದಾರಿಯಲ್ಲಿ ನಡೆಯುತ್ತಾ ಅರ್ಜಿ ಹಾಕಿ. ಎಸ್ಕಾಂ ಗುತ್ತಿಗೆದಾರರ ಗ್ಯಾಂಗಿನಲ್ಲಿ ಕಂಬ ನೆಡುವ, ತಂತಿ ಎಳೆಯುವ ಕೆಲಸ ಸಿಗುತ್ತದೆ. ಕೂಲಿ ಪರವಾಗಿಲ್ಲ. ಕಾಗದ ಮಾತ್ರ ಏನೂ ಸಿಗುವುದಿಲ್ಲ, ಅಪಾಯ ಎಲ್ಲಕ್ಕಿಂತ ಜಾಸ್ತಿ.

ಆ ಅಪಾಯದ ಬಗ್ಗೆ ಎರಡು ಮಾತು. ಲೈನ್ ಮೇಲೆ ಹತ್ತುವ ಮುಂಚೆ ಎಲ್‌ಸಿ (ಲೈನ್ ಕ್ಲಿಯರ್), ಅಂದರೆ ಲೈನ್ ಆಫ್ ಮಾಡಿಸಿ ಕೆಲಸ ಮಾಡುವ ಅನುಮತಿ ತಗೊಳ್ಳಬೇಕು. ಸ್ಟೇಷನ್ನಿನಿಂದ ಬರುವ ಫೀಡರ್ ಲೈನ್ ಆಫ್ ಆಗಬೇಕು, ಕಂಬದ ಮೇಲಿನ ಜಿಓಎಸ್ ಸ್ವಿಚ್ ತೆರೆದಿರುವುದನ್ನು ಕಣ್ಣಾರೆ ನೋಡಬೇಕು, ಲೈನ್ ಸತ್ತಿದೆಯಾ ಅಂತ ಟೆಸ್ಟ್ ಮಾಡಬೇಕು, ಕೆಲಸ ಮಾಡುವ ಜಾಗದ ಎರಡೂ ಕಡೆ ಅರ್ಥಿಂಗ್ ರಾಡ್ ಹಾಕಬೇಕು. ಆಮೇಲೆ ಏಣಿ. ಫೀಡರ್ ಆಫ್ ಆಗಿದೆಯಲ್ಲ, ಅರ್ಥಿಂಗ್ ಯಾಕೆ ಅಂತ ಕೇಳುವವರಿಗೆ ನಮ್ಮ ಮಲೆನಾಡಿನಲ್ಲೇ ಉತ್ತರ ಇದೆ. ಕರೆಂಟ್ ಹೋದ ಕೂಡಲೇ ಹೋಂಸ್ಟೇಯವರು ಜನರೇಟರ್ ಹಾಕುತ್ತಾರೆ. ಹೊರಗಿನ ಲೈನ್ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ನೇರ ಬೋರ್ಡಿಗೆ ಕೊಟ್ಟಿದ್ದರೆ ಆ 230 ವೋಲ್ಟ್ ಹೊರಗಿನ ಲೈನಿಗೆ ಹೋಗುತ್ತದೆ. ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರ್) ಉಲ್ಟಾ ಹೊಡೆದು ಆ ಕಡೆ 11,000 ವೋಲ್ಟ್ ಆಗಿಬಿಡುತ್ತದೆ. ಮೇಲೆ ಇರುವವನಿಗೆ ಅದು ಗೊತ್ತಾಗುವುದು ತಡವಾಗಿ. "ಅರ್ಜೆಂಟು, ಎಲ್‌ಸಿ ಎಲ್ಲ ಬೇಡ, ಹತ್ತು" ಅನ್ನುವ ಮೇಸ್ತ್ರಿ ಸಿಕ್ಕಿದರೆ ಅವತ್ತೇ ಕೆಲಸ ಬಿಡಿ. ಕಾಫಿ ತೋಟದಲ್ಲಿ ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ಲೈನಿಗೆ ತಾಗಿ ಸತ್ತವರ ಸುದ್ದಿ ನಮ್ಮ ಕಡೆ ಹೊಸದಲ್ಲ. ಎಸ್ಟೇಟಿಗೆ ವೈರಿಂಗ್ ಕೆಲಸಕ್ಕೆ ಹೋದಾಗ ಅಲ್ಲಿ ಸಿಕ್ಕ ಏಣಿ ತಗೊಂಡು ಹತ್ತಬೇಡಿ, ಕರೆಂಟ್ ಹರಿಯದ ಫೈಬರ್‌ಗ್ಲಾಸ್ ಏಣಿ ಕೇಳಿ.

ಉಳಿದವು

ಕಡೂರು, ಅರಸೀಕೆರೆ ಕಡೆ ಕೊಳವೆಬಾವಿ, ತೆಂಗು, ಅಡಿಕೆ. ಅಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿಗೆ ಬೇಸಿಗೆಯಲ್ಲಿ ಪುರಸೊತ್ತು ಇರುವುದಿಲ್ಲ. ತ್ರೀಫೇಸ್‌ನಲ್ಲಿ ಒಂದು ಫೇಸ್ ಹೋದರೂ ಮೋಟಾರ್ ಓಡುತ್ತಲೇ ಇದ್ದು ಸುಟ್ಟುಹೋಗುತ್ತದೆ. ಸುಟ್ಟ ವೈಂಡಿಂಗ್ ನೋಡಿ ಕಾರಣ ಹೇಳಬಲ್ಲವನಿಗೆ, ಸ್ಟಾರ್ಟರ್ ಮತ್ತು ಪ್ಯಾನೆಲ್ ರಿಪೇರಿಯೂ ಬಂದರೆ, ಸ್ವಂತ ಅಂಗಡಿ ಹಾಕಲು ದೊಡ್ಡ ಬಂಡವಾಳ ಬೇಡ. ಬಯಲುಸೀಮೆಯ ಹುಡುಗರಿಗೆ ನಾನು ಇದನ್ನು ಧೈರ್ಯವಾಗಿ ಹೇಳುತ್ತೇನೆ. ಕೊಪ್ಪ, ಶೃಂಗೇರಿ ಕಡೆಯವರಿಗೆ ಅಷ್ಟಾಗಿ ಹೇಳುವುದಿಲ್ಲ.

ಸೋಲಾರ್ ಈಗ ಓಡುತ್ತಿದೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆ ಚಾವಣಿಗೆ 78,000 ರೂಪಾಯಿವರೆಗೆ ಸಬ್ಸಿಡಿ ಇದೆ. ಒಂದೇ ಎಚ್ಚರ: ಸೋಲಾರ್ ಪ್ಯಾನೆಲ್‌ನ ಡಿಸಿ ಕರೆಂಟಿನ ಕಿಡಿ ಮನೆಯ ಎಸಿ ಕರೆಂಟಿನ ಕಿಡಿಯ ಹಾಗೆ ತಾನಾಗಿ ಆರುವುದಿಲ್ಲ. ಎಲೆಕ್ಟ್ರಿಷಿಯನ್ ಆದ ಮೇಲೆ ಇದನ್ನು ಕಲಿಯಿರಿ, ಅದಕ್ಕೆ ಮುಂಚೆ ಬೇಡ. ಡಿಪ್ಲೊಮಾ ಮೂರು ವರ್ಷ. ಗಣಿತ ಚೆನ್ನಾಗಿದ್ದು, ಮನೆಯವರು ಮೂರು ವರ್ಷ ನೋಡಿಕೊಳ್ಳುವಂತಿದ್ದರೆ ಐಟಿಐಗಿಂತ ಅದೇ ಮೇಲು.

ಹೆಣ್ಣುಮಕ್ಕಳಿಗೆ ಈ ಕೆಲಸ ಆಗುವುದಿಲ್ಲ ಅನ್ನುವುದು ಹಳೇ ಮಾತು. ಪ್ಯಾನೆಲ್ ವೈರಿಂಗ್, ಟೆಸ್ಟಿಂಗ್, ಫೈಬರ್ ಸ್ಪ್ಲೈಸಿಂಗ್ ಎಲ್ಲ ತಾಳ್ಮೆಯ, ಕೈಚಳಕದ ಕೆಲಸ. ಐಟಿಐ ಎಲೆಕ್ಟ್ರಿಷಿಯನ್ ಮಾಡಿ ಫ್ಯಾಕ್ಟರಿ ಕಡೆ ಹೋಗುವುದು ಅವರಿಗೆ ಸದ್ಯಕ್ಕೆ ಸುಲಭದ ದಾರಿ.

ಯಾರಿಗೆ ಯಾವುದು

ಎರಡು ಮೂರು ವರ್ಷ ಮನೆಯಿಂದ ಆಸರೆ ಇದ್ದರೆ ನನ್ನ ಉತ್ತರ ಬದಲಾಗುವುದಿಲ್ಲ: ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್, ಆಮೇಲೆ ಒಂದು ವರ್ಷ ಫ್ಯಾಕ್ಟರಿ ಅಥವಾ ರೈಲ್ವೆ ಅಪ್ರೆಂಟಿಸ್. ರಜೆಯಲ್ಲಿ ಊರಿನ ಕಂಟ್ರಾಕ್ಟರ್ ಜೊತೆ ಹೋಗಿ ಮನೆ ವೈರಿಂಗ್‌ನಲ್ಲೂ ಕೈ ಆಡಿಸಿ. ಮುಂದಿನ ತಿಂಗಳೇ ದುಡ್ಡು ಬೇಕು ಅಂದರೆ, ಮಲೆನಾಡಿನಲ್ಲಿದ್ದರೆ ಫೈಬರ್, ಬಯಲುಸೀಮೆಯಲ್ಲಿದ್ದರೆ ರೀವೈಂಡಿಂಗ್, ಹಾಸನ ಪೇಟೆಯ ಸುತ್ತ ಇದ್ದರೆ ಲೈಸೆನ್ಸ್ ಇರುವ ಕಂಟ್ರಾಕ್ಟರ್. ಎತ್ತರ ಅಂದರೆ ತಲೆ ತಿರುಗುವವರು ಫೈಬರ್, ಲೈನ್ ಎರಡನ್ನೂ ಬಿಡಿ, ಅದರಲ್ಲಿ ನಾಚಿಕೆ ಏನಿಲ್ಲ. ಬಣ್ಣ ಗುರುತಿಸುವುದರಲ್ಲಿ ತೊಂದರೆ ಇದ್ದವರು ಮೊದಲು ಕಣ್ಣಿನ ಡಾಕ್ಟರ್ ಹತ್ತಿರ ತೋರಿಸಿ. ಕೆಂಪು, ಹಳದಿ, ನೀಲಿ ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್ ಅಂತ ಬೇರ್ಪಡಿಸಲು ಆಗದಿದ್ದರೆ ಈ ಕಸುಬು ಕಷ್ಟ.

ಅಪ್ರೆಂಟಿಸ್ ದಾರಿ ಆರಿಸಿದವರು ಮೊದಲು ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಕೊಳ್ಳಿ. ಕಂಪನಿ ಸೇರಿಸಿಕೊಂಡ ಮೇಲೆ ನಿಮ್ಮ ಒಪ್ಪಂದ ಅದೇ ಪೋರ್ಟಲ್‌ನಲ್ಲಿ ದಾಖಲಾಗಿದೆಯಾ ಅಂತ ನೀವೇ ಲಾಗಿನ್ ಆಗಿ ನೋಡಿ. ಅಲ್ಲಿ ಹೆಸರಿಲ್ಲ ಅಂದರೆ ನೀವು ಅಪ್ರೆಂಟಿಸ್ ಅಲ್ಲ, ಬರೀ ಅಗ್ಗದ ಕೂಲಿ. ಕೇಂದ್ರದ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡ್‌ನ ಶೇ 25, ಗರಿಷ್ಠ 1,500 ರೂಪಾಯಿ, ನೇರ ನಿಮ್ಮ ಖಾತೆಗೆ ಬರುತ್ತದೆ. ಅದಕ್ಕೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿರುವ ಹೆಸರು, ಆಧಾರ್‌ನಲ್ಲಿರುವ ಹೆಸರು ಒಂದೇ ಥರ ಇದೆಯಾ ನೋಡಿ. ನಮ್ಮ ಕಡೆ ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಅಪ್ಪನ ಪೂರ್ತಿ ಹೆಸರು ಇರುತ್ತದೆ. ಐಟಿಐಗೆ ಅರ್ಜಿ ಹಾಕುವ ಮುಂಚೆಯೇ ಇದನ್ನು ಸರಿ ಮಾಡಿಸಿಕೊಳ್ಳಿ, ಆಧಾರ್ ಕೇಂದ್ರದ ಸಾಲು ಜೂನ್ ತಿಂಗಳಲ್ಲಿ ಉದ್ದ ಇರುತ್ತದೆ.